ಮೊದಲನೇ ಬೇಡ

ಈಸ್ಟ್ ಹ್ಯಾಮ್
12 ಅಕ್ಟೋಬರ್ 2024

ಅಪ್ಪನಿಗೆ ಚಿನ್ಮಯಿಯ ನಮಸ್ಕಾರಗಳು.

ಕಾಗದ ನೋಡಿ ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ಆಗಿದ್ದರೆ ನನಗೊಬ್ಬಳಿಗೆ, ಅದೂ ಡಾಕ್ಟರಿಗೆ ತೋರಿಸುವಂಥದ್ದಲ್ಲ. ನಿಮ್ಮ ವಾಟ್ಸಾಪ್ ಅಡುಗೆಮನೆಯ ಟ್ಯಾಬ್ಲೆಟ್ಟಿನಲ್ಲೂ ತೆರೆದುಕೊಳ್ಳುತ್ತದೆ. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತ ಅದನ್ನು ಬೆಳಗಿನ ಪೇಪರಿನ ಹಾಗೆ ಓದುತ್ತಾಳೆ. ಫೋನ್ ಮಾಡಿದರೆ ನೀವು ಹಲೋ ಅನ್ನುವ ಮೊದಲೇ ಸ್ಪೀಕರ್ ಒತ್ತುತ್ತೀರಿ. ಆದ್ದರಿಂದ ಅಂಚೆಯನ್ನು ನಂಬಿ ನಿಮ್ಮ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಹನ್ನೊಂದನೇ ವಯಸ್ಸಿಗೆ ಮೈಸೂರು ಬಿಡಿಸಿ ಲಂಡನ್ನಿಗೆ ತಂದ ಮೇಲೂ ಅಮ್ಮ ಪ್ರತಿ ಭಾನುವಾರ ನನ್ನಿಂದ ಒಂದು ಪುಟ ಕನ್ನಡ ಬರೆಸಿದಳಲ್ಲ, ಆ ಶಿಕ್ಷೆ ಅವಳಿಗೇ ತಿಳಿಯದಂತೆ ಗುಟ್ಟು ಬರೆಯಲು ಒದಗಿ ಬಂತು. ವಿದ್ಯೆ ಯಾವತ್ತೂ ವ್ಯರ್ಥವಲ್ಲ ಎಂದು ಅವಳೇ ಹೇಳುತ್ತಿದ್ದಳು.

ವಿಷಯ ಇದು. ನನಗೆ ಲಾ ಓದುವುದು ಸಾಕಾಗಿದೆ. ಸೇರಿ ಇನ್ನೂ ಒಂದು ತಿಂಗಳಾಗಿಲ್ಲ, ಅಷ್ಟರಲ್ಲಿ ಸಾಕಾಯಿತೇ ಎಂದು ಕೇಳುತ್ತೀರಿ. ಆಯಿತು. ಕಳೆದ ವಾರ ಒಂದು ಕೇಸು ಕೊಟ್ಟಿದ್ದರು: ಅಕ್ಕಪಕ್ಕದ ಇಬ್ಬರು, ನಡುವೆ ಒಂದು ಗೋಡೆ. ಅದು ಒಂದು ಬೆಳಿಗ್ಗೆ ಒಬ್ಬನ ತೋಟದ ಗಾಜಿನ ಮನೆಯ ಮೇಲೆ ಬಿತ್ತು. ತಪ್ಪು ಯಾರದು? ಕ್ಲಾಸಿನಲ್ಲಿ ಎಲ್ಲರೂ ಉತ್ಸಾಹದಿಂದ ಆ ಇಬ್ಬರನ್ನೂ ಹರಿದು ಹಂಚಿದರು. ನಾನು ಮಾತ್ರ ಗೋಡೆ ಯಾಕೆ ಬಿತ್ತು ಎಂದು ಕೇಳಿದೆ. ಅದು ಈ ಕೋರ್ಸಿಗೆ ಸಂಬಂಧಿಸಿದ ಪ್ರಶ್ನೆಯಲ್ಲ ಎಂದರು. ಅಪ್ಪ, ನನಗೆ ಸಂಬಂಧಿಸಿದ ಪ್ರಶ್ನೆ ಅದೊಂದೇ ಆಗಿತ್ತು.

ಯೂನಿವರ್ಸಿಟಿಯಲ್ಲಿ ಒಂದು ಸೌಲಭ್ಯವಿದೆ. ವಿಷಯ ಬದಲಿಸುವ ಯೋಚನೆ ಇರುವವರು ಜನವರಿಯಿಂದ ಎಂಜಿನಿಯರಿಂಗಿನ ಎರಡು ಪ್ರವೇಶ ಕೋರ್ಸುಗಳನ್ನು ತಮ್ಮ ಓದಿನ ಜೊತೆಗೇ ತೆಗೆದುಕೊಳ್ಳಬಹುದು. ಎರಡರಲ್ಲೂ ಪಾಸಾದರೆ ಮುಂದಿನ ವರ್ಷ ಸಿವಿಲ್ ಎಂಜಿನಿಯರಿಂಗಿಗೆ ಬದಲಾಗಬಹುದು. ಇರುವುದು ನಾಲ್ಕು: ಸ್ಟ್ಯಾಟಿಕ್ಸ್, ಮೆಟೀರಿಯಲ್ಸ್, ಸರ್ಕ್ಯೂಟ್ಸ್, ಡ್ರಾಯಿಂಗ್. ಯಾವ ಎರಡು? ನಮ್ಮ ವಂಶದಲ್ಲಿ ಎಂಜಿನಿಯರು ಅಂತ ನೀವೊಬ್ಬರೇ. ಅಮ್ಮನಿಗೆ ಸದ್ಯಕ್ಕೆ ಹೇಳಬೇಡಿ.

ಮನೆಯೊಡತಿ ಸುಶೀಲಾಬಾಯಿ ಚೆನ್ನಾಗಿದ್ದಾರೆ. ನಾನು ಸ್ವಲ್ಪ ಇಳಿದಿದ್ದೇನೆ. ಮೊದಲ ದಿನ ಅವರು "ರೊಟ್ಟಿ ತಿಂತೀಯೇನವಾ?" ಎಂದು ಕೇಳಿದಾಗ ಮರ್ಯಾದೆಗೆ ಬೇಡ ಎಂದೆ. ಅವರು ಸರಿ ಎಂದು ಡಬ್ಬಿ ಮುಚ್ಚಿಬಿಟ್ಟರು. ಮೂವತ್ತು ವರ್ಷ ಲಂಡನ್ನಿನಲ್ಲಿದ್ದು ಧಾರವಾಡದ ಒತ್ತಾಯವನ್ನೆಲ್ಲ ಮರೆತಿದ್ದಾರೆ. ವಾರವಿಡೀ ನಾನು ಬೇಡ ಎಂದೆ, ಅವರು ನಂಬಿದರು.

ನಿಮ್ಮ,
ಚಿನ್ಮಯಿ


ಕ್ಯಾನರಿ ವಾರ್ಫ್, ಊಟದ ಹೊತ್ತು
21 ಅಕ್ಟೋಬರ್ 2024

ಚಿರಂಜೀವಿ ಚಿನ್ಮಯಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದವನ್ನು ಟಪಾಲು ಕೋಣೆಯವನು ಎರಡು ಬೆರಳಲ್ಲಿ ಹಿಡಿದು ತಂದ. ಕೈಬರಹದ ಲಕೋಟೆ ಈ ಕಟ್ಟಡಕ್ಕೆ ಬಂದು ವರ್ಷಗಳಾದವಂತೆ. ಯಾರೋ ನನ್ನ ಮೇಲೆ ದಾವೆ ಹೂಡಿದ್ದಾರೆ ಎಂದು ಇಡೀ ಮಹಡಿ ಮರುಗಿತು. ನನ್ನ ಬಾಸು ವಿಕಾಸ ಬೆನ್ನು ತಟ್ಟಿ ಹೋದ. ಅವನು ಬೆನ್ನು ತಟ್ಟಿದ್ದು ಇದೇ ಮೊದಲು. ಆ ಮಟ್ಟಿಗೆ ನಿನ್ನ ಸಂಕಟದಿಂದ ನನಗೆ ಲಾಭವಾಗಿದೆ.

ಇನ್ನು ನೀನು ಕೇಳಿದ ತಜ್ಞ ಸಲಹೆ. ನಾನು ಮೆಕ್ಯಾನಿಕಲ್ ಎಂಜಿನಿಯರು ಎಂಬುದಕ್ಕೆ ಕಾಗದವಿದೆ. ನಾನು ಓದಿದ್ದರಿಂದ ಜಗತ್ತಿನ ಯಾವ ಯಂತ್ರಕ್ಕೂ ಅಪಾಯವಾಗಿಲ್ಲ, ಏಕೆಂದರೆ ಆಮೇಲೆ ನಾನು ಯಾವುದರ ಹತ್ತಿರವೂ ಹೋಗಲಿಲ್ಲ. ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ಅಲ್ಪವಿರಾಮ ಹುಡುಕುತ್ತ ಕೂದಲು ಉದುರಿಸಿಕೊಂಡೆ. ಹೋದ ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಬಾಯ್ಲರ್ ಕೆಟ್ಟಾಗ ನಾನು ಅದರ ಮುಂದೆ ಗಂಭೀರವಾಗಿ ನಿಂತು ಒಂದು ಗುಂಡಿ ಒತ್ತಿದೆ. ರಿಪೇರಿಗೆ ಬಂದವನು ಮೊದಲು ಆ ಗುಂಡಿ ಒತ್ತಿದ್ದನ್ನು ರಿಪೇರಿ ಮಾಡಿದ. ಇಂಥ ಅನುಭವದ ಬಲದಿಂದ ಹೇಳುತ್ತೇನೆ, ಕೇಳು.

ಸರ್ಕ್ಯೂಟ್ಸ್ ಬಿಡು. ಕರೆಂಟು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ನಂಬುವುದಕ್ಕೆ ಮನೆಯಲ್ಲಿ ದೇವರಿದ್ದಾನೆ. ಡ್ರಾಯಿಂಗನ್ನು ಈಗ ಕಂಪ್ಯೂಟರ್ ಮಾಡುತ್ತದೆ, ಆಮೇಲೆ ಕಲಿತರಾಯಿತು. ಮೆಟೀರಿಯಲ್ಸ್ ತೆಗೆದುಕೋ; ಯಾವುದು ಎಷ್ಟು ಭಾರ ಹೊತ್ತು ಎಲ್ಲಿ ಮುರಿಯುತ್ತದೆ ಎಂದು ತಿಳಿದಿರುವುದು ಸಂಸಾರಕ್ಕೂ ಒಳ್ಳೆಯದು. ಸ್ಟ್ಯಾಟಿಕ್ಸ್ ಬಿಡಲೇಬೇಡ. ಅಲ್ಲಾಡದೆ ನಿಂತ ವಸ್ತುಗಳ ಶಾಸ್ತ್ರ ಅದು. ದಿನಾ ಜ್ಯೂಬಿಲಿ ಲೈನಿನ ರೈಲಿನಲ್ಲಿ ಒಬ್ಬನ ಕಂಕುಳ ಕೆಳಗೆ, ಇನ್ನೊಬ್ಬನ ಬ್ಯಾಗಿನ ಮೇಲೆ ಬೀಳದೆ ನಿಂತಿರುವಾಗ ನಾನು ನೆನೆಯುವುದು ಅದೊಂದನ್ನೇ.

ಲಾ ಬಿಡು ಎಂದು ನಾನು ಹೇಳಿಲ್ಲ ಎಂಬುದನ್ನು ಗಮನಿಸು. ಬಿಡಬೇಡ ಎಂದೂ ಹೇಳಿಲ್ಲ. ಈ ವಯಸ್ಸಿನಲ್ಲಿ ನನಗೆ ಅಭಿಪ್ರಾಯಗಳೆಂದರೆ ಸುಸ್ತು.

ಒಂದು ಕಿವಿಮಾತು. ಅಲ್ಲಿನವರನ್ನು ನೋಡಲು ಹೋದಾಗ ಆಸೆಬುರುಕಿಯ ಹಾಗೆ ವರ್ತಿಸಬೇಡ. ಕೊಡುತ್ತೇನೆ ಎಂದ ತಕ್ಷಣ ಕೈ ಚಾಚುವುದು ನಮ್ಮ ಮನೆಯಲ್ಲಿಲ್ಲ. ಎರಡು ಸಲ ಹೇಳಿಸಿಕೊಂಡು ತೆಗೆದುಕೋ. ಬೆಲೆ ಬರುತ್ತದೆ.

ಇತಿ ನಿನ್ನ ಅಪ್ಪ,
ರಾಮಪ್ರಸಾದ, ಬಿ.ಇ. (ಬಳಸಿಲ್ಲ)


ಈಸ್ಟ್ ಹ್ಯಾಮ್
17 ನವೆಂಬರ್ 2024

ಅಪ್ಪನಿಗೆ,

ನಿಮ್ಮ ಕಿವಿಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಫಲಿತಾಂಶ ಕೆಳಗಿದೆ.

ಪ್ರವೇಶ ಕೋರ್ಸುಗಳನ್ನು ನೋಡಿಕೊಳ್ಳುವವರು ಡಾಕ್ಟರ್ ಪ್ರಿಂಗಲ್. ಬಿಳಿ ಗಡ್ಡ, ಉದ್ದನೆಯ ಮನುಷ್ಯ. ಬಾಗಿಲಲ್ಲಿ ಸ್ವಲ್ಪ ಬಗ್ಗಿ ಬರುತ್ತಾರೆ. ಗೋಡೆಯ ಕಥೆ ಹೇಳಿದೆ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಮಣ್ಣು ಯಾವುದು, ಮಳೆ ಬಂದಿತ್ತೇ, ನೀರು ಹರಿದುಹೋಗಲು ಗೋಡೆಯಲ್ಲಿ ತೂತಿತ್ತೇ ಎಂದೆಲ್ಲ ಕೇಳಿದರು. ನಾನು ಈ ಯೂನಿವರ್ಸಿಟಿಗೆ ಸೇರಿದ ಮೇಲೆ ಇಷ್ಟು ಒಳ್ಳೆಯ ಮಾತುಕತೆ ಯಾರೊಂದಿಗೂ ಆಡಿಲ್ಲ. ಮೆಟೀರಿಯಲ್ಸ್ ಸಿಕ್ಕಿತು. ಸಿವಿಲ್ಲಿಗೆ ಹೋಗಬೇಕಾದರೆ ಸ್ಟ್ಯಾಟಿಕ್ಸ್ ಕಡ್ಡಾಯ, ಅದರಲ್ಲಿ ಉಳಿದಿರುವುದು ಒಂದೇ ಸೀಟು ಎಂದರು. "ನಿನಗೆ ಕೊಡಲೇ?" ಎಂದು ಕೇಳಿದರು.

ಅಪ್ಪ, ನನ್ನ ಬಾಯಲ್ಲಿ ನೀರೂರಿತ್ತು. ಆದರೂ ನಾನು ನಮ್ಮ ಮನೆಯ ಮಗಳು. "ಅಯ್ಯೋ ಪರವಾಗಿಲ್ಲ, ನನಗಿಂತ ಅಗತ್ಯ ಇರುವವರು ಯಾರಾದರೂ ಇದ್ದರೆ ಅವರಿಗೇ ಕೊಡಿ" ಎಂದೆ. ಸೊಗಸಾಗಿಯೇ ಹೇಳಿದೆ, ತಲೆ ಒಂದಿಷ್ಟು ಓರೆ ಮಾಡಿ.

ಅವರ ಮುಖ ಅರಳಿತು. "ಎಷ್ಟು ದೊಡ್ಡ ಮನಸ್ಸು ನಿನ್ನದು" ಎಂದವರೇ ಆ ಸೀಟನ್ನು ಹೊರಗೆ ಕಾಯುತ್ತಿದ್ದ ನಿತೀಶ ಎಂಬ ಹುಡುಗನ ಹೆಸರಿಗೆ ಹಾಕಿಬಿಟ್ಟರು.

ಎರಡನೇ ಸಲ ಕೇಳಿಯಾರು ಎಂದು ನಾನು ಕಾದೆ. ನಿಧಾನವಾಗಿ ಕೋಟು ಹಾಕಿಕೊಂಡೆ. ಬಾಗಿಲ ಹತ್ತಿರ ಕೂತು ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದೆ. ಅವರು ಮೂಲೆಯಲ್ಲಿ ನಿಂತು ಟೀಗೆ ನೀರು ಕಾಯಿಸುತ್ತಿದ್ದರು. "ಟೀ ಕುಡಿಯುತ್ತೀಯಾ?" ಎಂದು ಕೇಳಿದರು. ಅದಕ್ಕೂ ಬೇಡ ಎಂದುಬಿಟ್ಟೆ. ಅದೂ ಬರಲಿಲ್ಲ.

ಕಾಯುವವರ ಪಟ್ಟಿಯಲ್ಲಿ ನನ್ನ ಹೆಸರಿದೆ. ಯಾರಾದರೂ ಬಿಟ್ಟರೆ ಹೇಳುತ್ತಾರಂತೆ. ಯಾರು ಬಿಡುತ್ತಾರೆ? ಬೆಳಿಗ್ಗೆ ಲಾ ಕ್ಲಾಸು, ಸಂಜೆ ಲಾ ಪುಸ್ತಕ. ಮನೆಗೆ ಬಂದರೆ ಡಿಸ್ಟ್ರಿಕ್ಟ್ ಲೈನಿನ ರೈಲಿನ ಸದ್ದು ಇನ್ನೂ ತಲೆಯೊಳಗೆ ಓಡುತ್ತಿರುತ್ತದೆ. ಇದನ್ನೆಲ್ಲ ಸುಶೀಲಾಬಾಯಿಯವರ ಹತ್ತಿರ ಹೇಳಿಕೊಂಡೆ. ಅವರು ಚಟ್ನಿಪುಡಿ ಕುಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಅಲ್ಲವಾ, ಬೇಕಂದ್ರ ಬೇಕನ್ನಬೇಕಪಾ. ಬ್ಯಾಡ ಅಂದ್ರ ಅಂವಾ ಏನ್ ಮಾಡ್ಯಾನು, ಅಂವಾ ಏನ್ ನಿಮ್ಮ ಸೋದರಮಾವನಾ?" ಎಂದರು. ಆಮೇಲೆ ಮೊದಲ ದಿನದಿಂದ ನಾನು ಬೇಡ ಎಂದ ರೊಟ್ಟಿಗಳನ್ನೆಲ್ಲ ನೆನೆಸಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಈಗ ತಟ್ಟೆಗೆ ಕೇಳದೆ ಬಡಿಸುತ್ತಾರೆ. ಪ್ರಿಂಗಲ್ ಸಾಹೇಬರಿಗೆ ಆ ಬುದ್ಧಿ ಯಾವಾಗ ಬರುತ್ತದೋ.

ನಿಮ್ಮ,
ಚಿನ್ಮಯಿ


ಕ್ಯಾನರಿ ವಾರ್ಫ್
2 ಡಿಸೆಂಬರ್ 2024

ಚಿರಂಜೀವಿ ಚಿನ್ಮಯಿಗೆ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಊಟದ ಡಬ್ಬಿ ಮುಚ್ಚಿಟ್ಟೆ. ತಪ್ಪು ಇಂಗ್ಲಿಷರದು. ಅವರಿಗೆ ಬೇಡದ ವ್ಯಾಕರಣ ಗೊತ್ತಿಲ್ಲ. ನಮ್ಮಲ್ಲಿ ಮೊದಲನೇ ಬೇಡ ಎಂದರೆ ನಮಸ್ಕಾರ. ಎರಡನೇ ಬೇಡ ಎಂದರೆ ಹಸಿವು. ಮೂರನೇ ಬೇಡ ಎಂದರೆ ತಟ್ಟೆ ಎಲ್ಲಿ ಎಂದು. ನಿಜವಾಗಿಯೂ ಬೇಡವಾದರೆ ನಾವು ಬೇಡ ಎನ್ನುವುದೇ ಇಲ್ಲ, ನೋಡೋಣ ಎನ್ನುತ್ತೇವೆ. ಇಷ್ಟು ಸರಳ ವಿಷಯವನ್ನು ಕಲಿಯದೆ ಈ ಜನ ನಮ್ಮ ದೇಶವನ್ನು ಇನ್ನೂರು ವರ್ಷ ಹೇಗೆ ಆಳಿದರೋ.

ನನ್ನದೂ ಇದೇ ಕಥೆ. ಟೀಮಿಗೆ ಮುಖ್ಯಸ್ಥನಾಗುತ್ತೀಯಾ ಎಂದು ಕೇಳಿದಾಗ ನನಗಿಂತ ಸಮರ್ಥರಿದ್ದಾರೆ ಎಂದೆ. ಅವರು ಹುಡುಕಿದರು. ವಿಕಾಸ ಸಿಕ್ಕಿದ.

ಈಗ ಗಂಭೀರವಾದ ಸುದ್ದಿ. ಶನಿವಾರ ಹ್ಯಾರೋದ ಶಾಲೆಯ ಹಾಲಿನಲ್ಲಿ ರಾಜ್ಯೋತ್ಸವವಿತ್ತು. ನವೆಂಬರ್ ಮುಗಿಯುವ ಕೊನೆಯ ದಿನ ಹಾಲು ಸಿಕ್ಕಿದ್ದರಿಂದ ಕನ್ನಡಾಂಬೆ ಅಲ್ಲಿಯವರೆಗೆ ಕಾದಿದ್ದಳು. ಬಿಸಿಬೇಳೆಭಾತಿನ ಸಾಲಿನಲ್ಲಿ ಸುಶೀಲಾಬಾಯಿ ನಿಮ್ಮಮ್ಮನ ಮುಂದೆಯೇ ನಿಂತಿದ್ದರು. ಅವರು ಗುಟ್ಟು ಒಡೆದರು ಎಂದು ಹೇಳಲಾರೆ. ಗುಟ್ಟು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. "ನಿಮ್ಮ ಹುಡುಗಿ ವಕೀಲಿಕಿ ಬಿಟ್ಟು ಗ್ವಾಡಿ ಕಟ್ಟಾಕ ಹೊಂಟಾಳಲ್ಲ, ಛಲೋ ಆತು ಬಿಡ್ರಿ" ಎಂದರಂತೆ. ನಿಮ್ಮಮ್ಮ ಭಾತನ್ನು ಪೂರ್ತಿ ತಿಂದಳು. ಅದರಿಂದಲೇ ನನಗೆ ಭಯವಾಯಿತು.

ಕಾರು ಕೆಂಟನ್ ರಸ್ತೆಗೆ ತಿರುಗಿದಾಗ ನಾನೇ ಎಲ್ಲವನ್ನೂ ಒಪ್ಪಿಸಿದೆ: ಗೋಡೆ, ನಾಲ್ಕು ಕೋರ್ಸು, ಪ್ರಿಂಗಲ್, ನಮ್ಮ ಟಪಾಲು. ಕೊನೆಗೆ, ಮಗು ಆಸೆಪಡುತ್ತಿದೆ, ಬದಲಾಯಿಸಲಿ ಅನ್ನೋಣವೇ ಎಂದು ಕೇಳಿದೆ. ಅವಳು ಕಿಟಕಿಯ ಆಚೆ ನೋಡುತ್ತಲೇ, "ಬೇಡ" ಎಂದಳು.

ಅಷ್ಟೇ. ಒಂದೇ ಸಲ. ನಾನು ಎರಡನೇ ಸಲ ಕೇಳುವಷ್ಟರಲ್ಲಿ ಮನೆ ಬಂತು, ಅವಳು ಇಳಿದು ಹೋದಳು. ಅಂದಿನಿಂದ ಯೋಚಿಸುತ್ತಿದ್ದೇನೆ: ಅದು ಯಾವ ಬೇಡ? ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ, ಅದೂ ಈಗಷ್ಟೇ ಬೇಡದ ವ್ಯಾಕರಣ ಬರೆದು ಮುಗಿಸಿದವನಿಗೆ, ಹೆಂಡತಿಯ ಒಂದು ಬೇಡ ಬಿಡಿಸಲು ಬರುತ್ತಿಲ್ಲ. ಅವಳು ನನ್ನೊಂದಿಗೆ ಚೆನ್ನಾಗಿಯೇ ಇದ್ದಾಳೆ. ಕಾಫಿ ಕೊಡುತ್ತಾಳೆ. ಸಕ್ಕರೆ ಬೇಕೇ ಎಂದು ಕೇಳುವುದಿಲ್ಲ.

ಇನ್ನು ನಮ್ಮ ಗುಟ್ಟಿನ ಅಂಚೆಗೆ ಕೆಲಸವಿಲ್ಲ. ನೀನೇ ಅವಳಿಗೆ ಬರಿ. ಮನೆಯ ವಿಳಾಸಕ್ಕೆ.

ಇತಿ ನಿನ್ನ ಅಪ್ಪ,
ರಾಮಪ್ರಸಾದ


ಕೆಂಟನ್
16 ಡಿಸೆಂಬರ್ 2024

ಚಿನ್ಮಯಿ,

ನಿನ್ನ ಕಾಗದ ಶುಕ್ರವಾರ ಬಂತು. ಕನ್ನಡ ಚೆನ್ನಾಗಿದೆ. "ಸ್ಥಿರತೆ" ಪದದಲ್ಲಿ ಥಕಾರದ ಬದಲು ತಕಾರ ಬರೆದಿದ್ದೀಯ. ಆ ಶಾಸ್ತ್ರ ಓದುವವಳು ಆ ಪದವನ್ನಾದರೂ ಸರಿಯಾಗಿ ಬರೆಯಬೇಕು.

ನೀನು ಎರಡನೇ ಸಲ ಕೇಳಿದ್ದೀಯ. ನಿಮ್ಮಪ್ಪ ಹೇಳಿಕೊಟ್ಟಿರಬೇಕು. ಪಾಪ, ಅವರು ಹದಿನೈದು ದಿನದಿಂದ ನನ್ನ ಮುಖವನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗೆ ನೋಡುತ್ತಿದ್ದಾರೆ. ನಿಮಗಿಬ್ಬರಿಗೂ ಸೇರಿಸಿ ಹೇಳುತ್ತೇನೆ. ನಾನು ಹೇಳಿದ ಬೇಡ ಉಪಚಾರದ್ದಲ್ಲ. ಬೇಡ ಎಂದರೆ ಬೇಡ.

ವಕೀಲೆಯ ತಾಯಿ ಅನ್ನಿಸಿಕೊಳ್ಳುವ ಆಸೆ ನನಗೆ ಎಂದು ಅವರು ತಿಳಿದಿದ್ದಾರೆ. ಇರಬಹುದು, ಸ್ವಲ್ಪ. ಕಾರಣ ಅದಲ್ಲ. ಮೈಸೂರಿನಲ್ಲಿ ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದಾಗ ನಿನ್ನನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿ ಹೋಗುತ್ತಿದ್ದೆ, ನಿನಗೆ ನೆನಪಿದೆಯೋ ಇಲ್ಲವೋ. ಇಲ್ಲಿಗೆ ಬಂದು ಮೊದಲಿನಿಂದ ಶುರು ಮಾಡಿದೆ. ಡಾಕ್ಟರರ ಕ್ಲಿನಿಕ್ಕಿನ ರಿಸೆಪ್ಷನ್ ಮೇಜಿನ ಹಿಂದೆ ಕೂತು, ನನ್ನ ವಿದ್ಯಾರ್ಥಿಗಳ ವಯಸ್ಸಿನ ಹುಡುಗಿಯಿಂದ ಫೋನಿನಲ್ಲಿ ಹೇಗೆ ಮಾತಾಡಬೇಕು ಎಂದು ಕಲಿತೆ. ಕಲಿಯುವುದು ಕಷ್ಟವಲ್ಲ. ಗೊತ್ತಿಲ್ಲದವಳ ಹಾಗೆ ಎಲ್ಲರ ಮುಂದೆ ಮತ್ತೊಮ್ಮೆ ನಿಲ್ಲಬೇಕಲ್ಲ, ಅದು ಮನುಷ್ಯರನ್ನು ಸವೆಸುತ್ತದೆ. ಸಂಜೆ ಮನೆಗೆ ಬಂದರೆ ಕಾಲು ನೋಯುವುದಿಲ್ಲ, ಮುಖ ನೋಯುತ್ತದೆ.

ನಿನ್ನ ತರಗತಿಯವರು ಮುಂದೆ ಹೋಗುತ್ತಾರೆ, ನೀನು ಮತ್ತೆ ಮೊದಲ ವರ್ಷದ ಬೆಂಚಿನಲ್ಲಿ ಕೂರುತ್ತೀಯ. ಅದು ನಿನಗೆ ಬೇಡ. ಹಿಡಿದದ್ದನ್ನು ಮುಗಿಸು.

ಕ್ರಿಸ್ಮಸ್ ರಜೆಗೆ ಬರುವಾಗ ದಪ್ಪ ಸ್ವೆಟರ್ ತಾ, ಇಲ್ಲಿರುವುದನ್ನು ಒಗೆದು ಹಾಳು ಮಾಡಿದ್ದೇನೆ.

ಅಮ್ಮ


ಈಸ್ಟ್ ಹ್ಯಾಮ್
19 ಜನವರಿ 2025

ಅಪ್ಪನಿಗೆ, ಅಮ್ಮನಿಗೆ,

ರಜೆಯ ಎರಡು ವಾರ ನಾವು ಮೂವರೂ ಆ ವಿಷಯ ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಮಾತಾಡಿದೆವು. ನಮ್ಮ ಮನೆಯಲ್ಲಿ ಹವಾಮಾನದ ಮೇಲೆ ಅಷ್ಟು ಚರ್ಚೆ ಎಂದೂ ಆಗಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಒಟ್ಟಿಗೇ ಓದಿ.

ಸೋಮವಾರ ಪ್ರಿಂಗಲ್ ಸಾಹೇಬರು ಮೆಟ್ಟಿಲ ಹತ್ತಿರ ಸಿಕ್ಕಿದರು. ನಿತೀಶ ಮೊದಲ ಕ್ಲಾಸಿಗೆ ಹೋಗಿಬಂದು, ತನಗೆ ಸರ್ಕ್ಯೂಟ್ಸ್ ಸರಿ ಎಂದು ಬಿಟ್ಟನಂತೆ. ಅವರು "ಆ ಸೀಟು ನಿನಗೆ..." ಎನ್ನುವಷ್ಟರಲ್ಲೇ ನಾನು "ಬೇಕು" ಎಂದುಬಿಟ್ಟೆ. ಗಾಬರಿಯಲ್ಲಿ ಕನ್ನಡದಲ್ಲೇ ಅಂದಿದ್ದೆ. ಅವರು ಕಿವಿ ಮುಂದೆ ತಂದು ಏನು ಎಂದು ಕೇಳಿದರು. ಆಗ ಅವರ ಭಾಷೆಯಲ್ಲೂ ಹೇಳಿದೆ. ಹಾಗಾಗಿ ಎರಡು ಸಲ ಹೇಳಿದ ಹಾಗಾಯಿತು, ಅಪ್ಪ, ಆದರೆ ಬೇಕು ಎಂದು.

ಅಮ್ಮ, ನಿನ್ನ ಬೇಡ ನಿಜವಾದದ್ದು ಎಂದು ನನಗೆ ಗೊತ್ತು. ಅದನ್ನು ಉಪಚಾರ ಎಂದುಕೊಂಡು ಮುಂದೆ ಹೋಗಿದ್ದರೆ ಸುಲಭವಿತ್ತು. ನಾಳೆ ಏನಾದರೂ ಆದರೆ ನೀನು ಹೇಳಿದ್ದು ನನಗೆ ಅರ್ಥವಾಗಲಿಲ್ಲ ಎನ್ನಬಹುದಿತ್ತು. ಅರ್ಥವಾಗಿದೆ. ನಾನು ಹೋದ ಮೊದಲ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಚಿಹ್ನೆ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಕೈಯೆತ್ತಿ ಕೇಳಬೇಕಾಯಿತು. ಕ್ಲಾಸು ಮುಗಿಯುವವರೆಗೂ ಕಿವಿ ಬಿಸಿಯಾಗಿತ್ತು. ನೀನು ಬರೆದದ್ದು ಇದನ್ನೇ ಎಂದು ಗೊತ್ತಾಯಿತು. ನಾಡಿದ್ದು ಮತ್ತೆ ಹೋಗುತ್ತೇನೆ.

ನೀನು ಬೇಡ ಅಂದೆ. ನಾನು ಬೇಕು ಅಂದೆ. ಇದಕ್ಕಿಂತ ಚೆನ್ನಾಗಿ ಹೇಳುವುದಕ್ಕೆ ನನಗೆ ಬರುತ್ತಿಲ್ಲ.

ಚಿನ್ಮಯಿ


ಕೆಂಟನ್
3 ಫೆಬ್ರವರಿ 2025

ಚಿನ್ಮಯಿ,

ನಿನ್ನ ಕಾಗದವನ್ನು ನಿಮ್ಮಪ್ಪ ಗಟ್ಟಿಯಾಗಿ ಓದಿದರು. ಕೊನೆಯ ಭಾಗ ಬಂದಾಗ ಧ್ವನಿ ಇಳಿಸಿದರು, ನನಗೆ ಕೇಳದಿರಲಿ ಎಂದೋ ಏನೋ. ನಾನು ಇಸಿದುಕೊಂಡು ಓದಿದೆ. ಈ ಮನೆಯಲ್ಲಿ ಯಾರೂ ಯಾರಿಗೂ ಇಷ್ಟು ನೇರವಾಗಿ ಹೇಳಿದ್ದಿಲ್ಲ. ಎರಡು ದಿನ ಸಿಟ್ಟಿನಲ್ಲಿದ್ದೆ. ನಿಮ್ಮಪ್ಪ ಪಾತ್ರೆ ತೊಳೆದರು.

ಗುರುವಾರ ಕ್ಲಿನಿಕ್ಕಿನಲ್ಲಿ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದಳು. ಈ ಶನಿವಾರವೂ ಬರುತ್ತೀಯಲ್ಲ ಎಂದು ಕೇಳಿದಳು. ಏಳು ವರ್ಷದಿಂದ ಅವಳು ಹಾಗೆ ಕೇಳುತ್ತಾಳೆ, ನಾನು "ನಿಮಗೆ ತೊಂದರೆಯಾಗುವುದಾದರೆ ಬರುತ್ತೇನೆ" ಎನ್ನುತ್ತೇನೆ, ಅವಳಿಗೆ ತೊಂದರೆಯಾಗುತ್ತದೆ. ಈ ಸಲ ಆಗುವುದಿಲ್ಲ ಎಂದೆ.

ಹೇಳಿದ ಮೇಲೆ, ಯಾಕೆ ಎಂದು ಕೇಳುತ್ತಾಳೆ, ಒತ್ತಾಯ ಮಾಡುತ್ತಾಳೆ ಎಂದು ಮೂರು ಕಾರಣಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಒಂದರಲ್ಲಿ ನಿಮ್ಮಪ್ಪನಿಗೆ ಜ್ವರ ಕೂಡ ಬಂದಿತ್ತು. ಅವಳು "ಸರಿ, ಪರವಾಗಿಲ್ಲ" ಎಂದು ಟೀ ಮಾಡಿಕೊಳ್ಳಲು ಹೋದಳು. ಹಿಂತಿರುಗಿಯೂ ನೋಡಲಿಲ್ಲ. ಇವರ ಹತ್ತಿರ ಇಷ್ಟೇ ಸಾಕು ಎಂದು ಯಾರೂ ನನಗೆ ಹೇಳಿರಲಿಲ್ಲ.

ನಿನ್ನ ವಿಷಯಕ್ಕೆ ನನ್ನ ಒಪ್ಪಿಗೆ ಈಗಲೂ ಇಲ್ಲ. ನೀನೂ ಕೇಳಿಲ್ಲ, ಅದು ಒಳ್ಳೆಯದೇ ಆಯಿತು. ಆದರೆ ಆ ಚಿಹ್ನೆ ಯಾವುದು, ಎಲ್ಲಿ ತಡವರಿಸುತ್ತೀಯ ಎಂದು ನಾನು ನೋಡಬೇಕು. ಬಲಗಳ ಪಾಠವನ್ನು ನಾನು ಎಷ್ಟೋ ಮಕ್ಕಳಿಗೆ ಮಾಡಿದ್ದೇನೆ. ನನ್ನ ಮಗಳು ಅದರಲ್ಲಿ ಫೇಲಾದರೆ ನಾನು ಸಹಿಸುವುದಿಲ್ಲ.

ಪುಸ್ತಕ ತೆಗೆದುಕೊಂಡು ಬಾ. ಬರುವ ಶನಿವಾರವೂ ಆಗುವುದಿಲ್ಲ ಎಂದು ಹೇಳಿದ್ದೇನೆ. ಮನೆಯಲ್ಲೇ ಇರುತ್ತೇನೆ.

ಅಮ್ಮ